ರೇಡಿಯೋ ಬಾಯಿ ಮುಚ್ಚಿದ ಮಧ್ಯಾಹ್ನ

ತಮ್ಮನಿಗೆ ಸಿಟ್ಟು ಬಂದಾಗ ಇಡೀ ಬೀದಿ ನಕ್ಕಿತು. ಅಕ್ಕನ ಎದೆ ಮಾತ್ರ ಧಸಕ್ಕೆಂದಿತು.

ಊರಿನ ರೇಡಿಯೋ ಸ್ಟೇಷನ್ನಿನಲ್ಲಿ ತಮ್ಮ ಮಾತಾಡುವವನು, ಅಕ್ಕ ಸ್ಟುಡಿಯೋದಲ್ಲಿ ಕೂತು ಆ ಮಾತನ್ನು ಊರಿಗೆ ಕಳಿಸುವ ಆಪರೇಟರು. ಅವನ ಬಾಯಿಗೆ ಬೀಗವಿಲ್ಲವೆಂದು ಕೇಳುಗರು ಅವನನ್ನು ವಟವಟ ಎಂದೇ ಕರೆಯುತ್ತಿದ್ದರು. ಹೊಸ ಸ್ಟೇಷನ್ನೊಂದು ಬಂದು ಕೇಳುಗರನ್ನು ಸೆಳೆದುಕೊಳ್ಳತೊಡಗಿದಾಗ ಮ್ಯಾನೇಜರ್ ಒಂದು ಉಪಾಯ ಹೂಡಿದ. ಸ್ಟುಡಿಯೋದ ಕಿಟಕಿಯೆದುರಿಗೇ, ರಸ್ತೆಯಾಚೆಯ ದೊಡ್ಡ ಜಾಹೀರಾತು ಫಲಕದ ನೆತ್ತಿಯ ಮೇಲೆ ಗಾಜಿನ ಪೆಟ್ಟಿಗೆ ಕಟ್ಟಿಸಿ ವಟವಟನನ್ನು ಕೂರಿಸಿದ. ಹೋದ ಕೇಳುಗರು ಮರಳಿ ಬರುವವರೆಗೆ ಅವನು ಇಳಿಯುವ ಹಾಗಿಲ್ಲ. ಹತ್ತಿಸಿ ಏಣಿ ತೆಗೆಯುವುದು ಎಂದು ಜನ ಮಾತಿಗೆ ಹೇಳುತ್ತಾರೆ, ಈ ಮಹಾಶಯ ಮಾಡಿಯೇ ತೋರಿಸಿದ. ಏಣಿಯನ್ನು ನಡುಬೀದಿಯಲ್ಲಿ ಗರಗಸದಿಂದ ಕೊಯ್ಯಿಸಿ, ತುಂಡುಗಳನ್ನು ಕೇಳುಗರಿಗೆ ನೆನಪಿನ ಕಾಣಿಕೆಯೆಂದು ಹಂಚಿದ. ಅಂದಿನಿಂದ ಅನ್ನ, ನೀರು, ಔಷಧಿ ಎಲ್ಲವೂ ಹಗ್ಗ ಕಟ್ಟಿದ ಬುಟ್ಟಿಯಲ್ಲೇ ಮೇಲೇರುತ್ತಿದ್ದವು.

ತಮ್ಮನಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಸೂಜಿಮದ್ದು ತೆಗೆದುಕೊಂಡು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದುಬಿಡುತ್ತದೆ. ಅದು ಹೇಗೆ ಇಳಿಯುತ್ತದೆ ಎಂಬುದು ಅಕ್ಕನಿಗೆ ಬಾಯಿಪಾಠ. ಮೊದಲು ಕೋಪ, ಆಮೇಲೆ ಆಕಳಿಕೆ, ಆಮೇಲೆ ಬೆವರಿ ಕುಸಿಯುವುದು. ಶಾಲೆಗೆ ಹೋಗುವಾಗ ಅವನು ಸುಮ್ಮಸುಮ್ಮನೆ ಕಾಲು ಕೆರೆದು ಜಗಳಕ್ಕೆ ಬಂದರೆ, ಅಮ್ಮ ಕೈಯೆತ್ತುವ ಮೊದಲೇ ಅಕ್ಕ ಅವನ ಬಾಯಿಗೆ ಸಕ್ಕರೆ ಸುರಿಯುತ್ತಿದ್ದಳು.

ಇವತ್ತು ಅವನು ಸೂಜಿ ಚುಚ್ಚಿಕೊಂಡ ಮೇಲೆ ಊಟದ ಬುಟ್ಟಿ ಹೋಗುವುದು ತಡವಾಯಿತು. ಮ್ಯಾನೇಜರ್ ಬುಟ್ಟಿಗೆ ಹೂವು ಸುತ್ತಿಸಿ ಫೋಟೋ ತೆಗೆಸುತ್ತಿದ್ದ. ಕೊನೆಗೂ ಅದು ಮೇಲೇರಿದಾಗ ತಮ್ಮ ಬುಟ್ಟಿ, ಹಗ್ಗ ಎರಡನ್ನೂ ಬೀದಿಗೆ ಬಿಸಾಕಿದ.

"ಹೂವು ತಿನ್ಲಾ ನಾನು? ನಿಮಗೆಲ್ಲ ಬೇರೆ ಕೆಲಸ ಇಲ್ವಾ? ಮನೇಲಿ ಯಾರೂ ಸೇರಿಸಲ್ಲ ಅಂತ ಇಲ್ಲಿ ಬಂದು ಬಾಯಿ ಬಿಟ್ಕೊಂಡು ನಿಂತಿದೀರಾ?"

ಅಂಗಡಿ ಅಂಗಡಿಯ ರೇಡಿಯೋದಲ್ಲೂ ಆ ಬೈಗುಳ ಮೊಳಗಿತು. ಜನ ಬಿದ್ದುಬಿದ್ದು ನಕ್ಕರು. ಸ್ಟುಡಿಯೋದ ಫೋನುಗಳು ಒಂದರ ಹಿಂದೊಂದು ಬಡಿದುಕೊಂಡವು.

ಅಕ್ಕ ಅವನ ಕಿವಿಗೆ ಮಾತ್ರ ಕೇಳುವ ಗುಂಡಿ ಒತ್ತಿದಳು. "ಸಕ್ಕರೆ ಡಬ್ಬಿ ಎಲ್ಲಿದೆ? ಈಗ್ಲೇ ಬಾಯಿಗೆ ಹಾಕ್ಕೊ."

"ಕೇಳಿದ್ರಾ?" ಎಂದು ತಮ್ಮ ಊರಿಗೇ ಸಾರಿದ. "ನಮ್ಮಕ್ಕ ಸಕ್ಕರೆ ತಿನ್ನು ಅಂತಾಳೆ. ಅದೂ ಬುಟ್ಟಿ ಜೊತೆ ಕೆಳಗೆ ಹೋಯ್ತು. ನೀವೇ ಆರಿಸ್ಕೊಂಡು ತಿನ್ನಿ!" ಮತ್ತೆ ನಗು. ಆ ನಗು ಮುಗಿಯುವ ಮೊದಲೇ ಅವನು ಮೈಕಿನೊಳಗೆ ಉದ್ದಕ್ಕೆ ಆಕಳಿಸಿದ.

ಅಕ್ಕ ಅಗ್ನಿಶಾಮಕದವರಿಗೆ ಫೋನು ತಿರುಗಿಸಿದಳು.

"ಯಾವ ಸ್ಟೇಷನ್ನು? ಓ, ನೀವಾ!" ಎಂದಿತು ಅತ್ತಲಿನ ದನಿ. "ಈ ಸಲ ಏನು, ಹಾವಾ ಹೆಬ್ಬಾವಾ?" ಫೋನು ಇಟ್ಟೇಬಿಟ್ಟರು.

ಅವರದೇನು ತಪ್ಪು? ಈ ಸ್ಟೇಷನ್ನು ಆಡಿದ ಆಟ ಒಂದೆರಡಲ್ಲ. ಒಮ್ಮೆ ವಟವಟನ ಅಪಹರಣವಾಗಿದೆ ಎಂದು ಹುಯಿಲೆಬ್ಬಿಸಿ, ಹುಡುಕಿಕೊಟ್ಟವರಿಗೆ ಸೈಕಲ್ಲು ಕೊಟ್ಟರು. ಇನ್ನೊಮ್ಮೆ ಆಪರೇಟರಿಗೆ ಪ್ರೇಮಭಂಗವಾಗಿದೆ ಎಂದು ಬೆಳಗಿನಿಂದ ಸಂಜೆಯವರೆಗೆ ಒಂದೇ ಹಾಡು ಹಾಕಿದರು. ಮದುವೆಯಾಗಿ ಇಬ್ಬರು ಮಕ್ಕಳಿದ್ದ ಆಪರೇಟರು ಅದನ್ನು ಗಂಡನಿಗೆ ವಿವರಿಸುವಷ್ಟರಲ್ಲಿ ಸಾಕುಸಾಕಾಯಿತು. ಸ್ಟುಡಿಯೋಕ್ಕೆ ಹಾವು ನುಗ್ಗಿದೆಯೆಂದು ಬೊಬ್ಬೆ ಹೊಡೆದಾಗ ಅಗ್ನಿಶಾಮಕದವರು ಗಂಟೆ ಬಾರಿಸುತ್ತ ಬಂದು, ಪೆಚ್ಚುಮೋರೆ ಹಾಕಿಕೊಂಡು ಹೋದರು. ಆವತ್ತು "ಅಯ್ಯೋ, ಇದು ನಾಟಕ ಅಲ್ಲ!" ಎಂದು ಕಿರುಚಿದವಳು ಇದೇ ಅಕ್ಕ. ಅದೆಷ್ಟು ಸೊಗಸಾಗಿ ಕಿರುಚಿದ್ದಳೆಂದರೆ, ಆ ಕೂಗನ್ನೇ ಸ್ಟೇಷನ್ನಿನ ಗುರುತು ಮಾಡಿಕೊಂಡು ಹಾಡು ಹಾಡಿನ ನಡುವೆ ಹಾಕುತ್ತಿದ್ದರು.

ಆದರೂ ಅಕ್ಕ ಮೈಕು ಎಳೆದುಕೊಂಡಳು. ಬೇರೆ ಮಾತು ಬಾಯಿಗೆ ಬರಲಿಲ್ಲ.

"ದಯವಿಟ್ಟು ಕೇಳಿ. ನನ್ನ ತಮ್ಮನಿಗೆ ಹುಷಾರಿಲ್ಲ. ಯಾರಾದ್ರೂ ಮೇಲೆ ಹತ್ತಿ. ಇದು ನಾಟಕ ಅಲ್ಲ..."

"ನಾಟಕ ಅಲ್ಲ!" ಎಂದು ಬೀದಿಗೆ ಬೀದಿಯೇ ಅವಳ ಜೊತೆ ಕೂಗಿ ಸಿಳ್ಳೆ ಹೊಡೆಯಿತು.

ಗಾಜಿನ ಪೆಟ್ಟಿಗೆಯಲ್ಲಿ ತಮ್ಮ ಗೋಡೆಗೊರಗಿ ಮೆಲ್ಲಗೆ ಜಾರಿದ. ಕೆಳಗಿದ್ದವರು ಅದಕ್ಕೂ ಚಪ್ಪಾಳೆ ತಟ್ಟಿದರು. ಅಕ್ಕ ಮೈಕನ್ನು ದೂರ ತಳ್ಳಿದಳು. ಇನ್ನು ಏನು ಹೇಳಿದರೂ ಸುಳ್ಳೇ. ಇದ್ದ ಮಾತನ್ನೆಲ್ಲ ತಾವೇ ಖರ್ಚು ಮಾಡಿ ಮುಗಿಸಿದ್ದರು.

ಎದುರಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಸ್ಟೇಷನ್ನಿನ ಒಂದೇ ಒಂದು ಕಟ್ಟಳೆ ಬರೆದಿತ್ತು: ಆಕಾಶ ಕಳಚಿ ಬಿದ್ದರೂ ಸದ್ದು ನಿಲ್ಲಬಾರದು. ಎಂಥ ಹುಡುಗಾಟದ ದಿನವೂ ಅದನ್ನು ಯಾರೂ ಮೀರಿರಲಿಲ್ಲ. ಅಕ್ಕ ಎದ್ದು ಬಾಗಿಲಿಗೆ ಚಿಲಕ ಹಾಕಿದಳು. ಮೂಲೆಯ ದೊಡ್ಡ ಸ್ವಿಚ್ಚಿಗೆ ಕೈಹಾಕಿ ಸ್ಟೇಷನ್ನನ್ನೇ ಆರಿಸಿಬಿಟ್ಟಳು.

ಬೀದಿಯ ರೇಡಿಯೋಗಳೆಲ್ಲ ಒಟ್ಟಿಗೆ ಸತ್ತವು. ನಗುತ್ತಿದ್ದವರು ನಡುವೆಯೇ ನಿಲ್ಲಿಸಿದರು. ಕ್ಷೌರದವನು ಅರ್ಧ ಗಡ್ಡ ಬಿಟ್ಟು ಹೊರಗೆ ಬಂದ. ರೇಡಿಯೋವನ್ನು ತಟ್ಟಿ ನೋಡಿದ ದರ್ಜಿ ಪಕ್ಕದ ಅಂಗಡಿಯತ್ತ ತಿರುಗಿದ. ಅಲ್ಲೂ ಸದ್ದಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಕತ್ತೆತ್ತಿದರು. ಪೆಟ್ಟಿಗೆಯಲ್ಲಿ ಮನುಷ್ಯ ಕಾಣಲಿಲ್ಲ, ಗಾಜಿಗೆ ಆನಿಸಿದ ಒಂದು ಅಂಗೈ ಮಾತ್ರ ಕಾಣುತ್ತಿತ್ತು.

"ಅಯ್ಯೋ, ನಿಜ ಕಣ್ರೋ!" ಎಂದು ಯಾರೋ ಕೂಗಿದರು.

ಬೀದಿದೀಪ ರಿಪೇರಿಯವನು ಉದ್ದನೆಯ ಏಣಿ ಹೊತ್ತು ಓಡಿಬಂದ. ಫಲಕಕ್ಕೆ ಬಣ್ಣ ಬಳಿಯುವವಳು ಬಿದ್ದಿದ್ದ ಸಕ್ಕರೆ ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡು ಸರಸರ ಹತ್ತಿದಳು. ಅವಳು ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿಯೊಳಗೆ ಸಕ್ಕರೆ ತಿಕ್ಕುವುದನ್ನು ಅಕ್ಕ ಕಿಟಕಿಯಿಂದ ನೋಡಿದಳು. ಇತ್ತ ಬಾಗಿಲು ದಬದಬ ಸದ್ದು ಮಾಡುತ್ತಿತ್ತು. ಮೊದಲು ಮ್ಯಾನೇಜರ್ ಕೆಲಸದಿಂದ ತೆಗೆಯುತ್ತೇನೆಂದು ಅಬ್ಬರಿಸಿದ. ಆಮೇಲೆ ಅವನೂ ಹೊರಗಿನ ಕಿಟಕಿಯಿಂದ ಹಣಕಿರಬೇಕು, ದನಿ ಬೆಣ್ಣೆಯಾಯಿತು.

"ಎಂಥಾ ಐಡಿಯಾ ಮಾರಾಯ್ತಿ! ಇಡೀ ಊರು ಮೇಲೆ ನೋಡ್ತಿದೆ. ಆನ್ ಮಾಡು, ಬೇಗ ಆನ್ ಮಾಡು!"

ಅಕ್ಕ ಅತ್ತ ತಿರುಗಲಿಲ್ಲ. ಸ್ಟೇಷನ್ನು ಆರಿದ್ದರೂ ತಮ್ಮನ ಮೈಕಿನಿಂದ ಅವಳ ಕಿವಿಗೆ ತಂತಿ ಇತ್ತು. ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿಹಿಡಿದು ಕೂತಳು. ಮೊದಲು ಬರೀ ಉಸಿರು. ಆಮೇಲೆ ತೊದಲು.

"ಅಕ್ಕಾ... ಊರು ಕೇಳ್ತಿದೆಯಾ?"

"ಇಲ್ಲ ಕಣೋ. ನಾನೊಬ್ಳೇ."

ಅವನು ತೊಡೆಯಿಂದ ತಲೆಯೆತ್ತಿ ಸ್ಟುಡಿಯೋದತ್ತ ತಿರುಗಿದ. ಅಕ್ಕ ಕಿಟಕಿಯತ್ತ ಬಾಗಿದಳು.

"ಹಾಗಾದ್ರೆ ಹೇಳ್ತೀನಿ," ಎಂದ ವಟವಟ. "ಹತ್ತಿದ ದಿನದಿಂದ ತುಂಬಾ ಭಯ ಆಗ್ತಿತ್ತಕ್ಕಾ."

ಬಾಗಿಲ ಬಡಿತ ಜೋರಾಯಿತು. ಅಕ್ಕ ಸ್ವಿಚ್ಚು ಮುಟ್ಟಲಿಲ್ಲ.

"ಹೇಳು," ಎಂದಳು. "ಕೇಳ್ತಿದೀನಿ."