ಎರಡು ಸಾಲಿನಷ್ಟು ಮೌನ

ಸಿಲಾರ್ಡ್ ನಿಜವಾಗಿ ಹಾಡುತ್ತಿದ್ದುದು ಬಾಯಿ ಮುಚ್ಚಿಕೊಂಡಾಗ. ಹೀಗೆಂದರೆ ಅವನ ಮೇಳವನ್ನು ಕೇಳದವರು ನಗುತ್ತಾರೆ. ಕೇಳಿದವರು ಮಾತ್ರ, ಎಲ್ಲೋ ದೂರದ ತಿರುವಿನಲ್ಲಿ ಟ್ರಾಮ್ ಹೊರಳುವ ಸದ್ದಿಗೆ ಕಿವಿಗೊಟ್ಟವರಂತೆ ತಲೆಯನ್ನು ತುಸು ಓರೆ ಮಾಡುತ್ತಾರೆ. ಉಳಿದ ಹೊತ್ತೆಲ್ಲ ಅವನು ಶ್ರುತಿಯ ಹಂಗಿಲ್ಲದೆ ಕಿರುಚುತ್ತಿದ್ದ. ಆದರೆ ಹಾಡುಗಳಿಗೆ ಅನುಮತಿ ಕೊಡುವ ಸರ್ಕಾರಿ ಸಮಿತಿಯವರು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿದ ಸಾಲು ಬಂದೊಡನೆ ತುಟಿ ಬಿಗಿದು, ಕೈಗಳನ್ನು ಮಗ್ಗುಲಿಗೆ ಇಳಿಬಿಟ್ಟು, ಆ ಸಾಲಿಗೆ ಸಲ್ಲಬೇಕಾದಷ್ಟು ಕಾಲವನ್ನು ಒಂದು ಮಾತ್ರೆಯೂ ಕಡಿಮೆಯಾಗದಂತೆ ನಿಂತು ಸಲ್ಲಿಸುತ್ತಿದ್ದ. ಡ್ರಮ್ಮು ಬಡಿಯುತ್ತಲೇ ಇರುತ್ತಿತ್ತು, ಗಿಟಾರು ಕರಕರ ಎನ್ನುತ್ತಲೇ ಇರುತ್ತಿತ್ತು. ನಡುವೆ ಅವನ ಮೌನ, ಗೋಡೆಯಿಂದ ಹಳೆಯ ಚಿತ್ರವನ್ನು ತೆಗೆದ ಮೇಲೆ ಉಳಿಯುವ ಚೌಕದಂತೆ, ಸುತ್ತಲಿನದಕ್ಕಿಂತ ಬೆಳ್ಳಗೆ ಕಾಣುತ್ತಿತ್ತು.

ಬುಡಾಪೆಸ್ಟಿನ ಎಂಟನೆಯ ವಾರ್ಡಿನಲ್ಲಿ ನಾನೂ ಅವನೂ ಇದ್ದುದು ಒಂದೇ ವಠಾರದಲ್ಲಿ. ನಡುವೆ ಚೌಕದ ಅಂಗಳ, ಸುತ್ತಲೂ ಮೂರು ಅಂತಸ್ತಿನ ಮನೆಗಳು, ಮನೆಗಳ ಮುಂದೆ ಕಬ್ಬಿಣದ ಕಟಕಟೆಯ ಉದ್ದನೆಯ ಓಣಿ. ಬೀದಿಯ ಕಡೆಯ ಗೋಡೆಗೆ ಯುದ್ಧಕಾಲದಿಂದಲೂ ಮರದ ತೊಲೆಗಳ ಆಸರೆ. ಆ ಗೋಡೆಯ ಗಾರೆ ಮಳೆ ನಿಂತು ಮೂರು ದಿನವಾದರೂ ಒಣಗುತ್ತಿರಲಿಲ್ಲ. ಸಿಲಾರ್ಡ್ ತನ್ನ ಮೇಳಕ್ಕೆ ‘ಒದ್ದೆ ಗಾರೆ’ ಎಂದು ಹೆಸರಿಟ್ಟದ್ದು ಅದರಿಂದಲೇ. ಅವನು ನಡೆಯುತ್ತಿದ್ದುದೂ ಆ ಗೋಡೆಗೆ ಭುಜ ತಾಗಿಸಿಕೊಂಡೇ. ನಿದ್ದೆ ಬಂದ ಹಿರಿಯರೊಬ್ಬರನ್ನು ಮೆಲ್ಲನೆ ಮನೆಗೆ ಕರೆದೊಯ್ಯುವವನ ಹಾಗೆ.

ಮೈಮೇಲೆ ಸದಾ ಒಂದೇ ಕೋಟು: ರೈಲ್ವೆಯಲ್ಲಿದ್ದ ತಂದೆ ಬಿಟ್ಟುಹೋದ ಕಪ್ಪು ಉಣ್ಣೆಯದು, ಮಂಡಿಯಿಂದ ಕೆಳಗಿನವರೆಗೆ. ಮೇಳದ ಹುಡುಗರು ಕಿವಿಗೂ ಕಾಲರಿಗೂ ಹತ್ತಾರು ಪಿನ್ನು ಚುಚ್ಚಿಕೊಂಡು ಮೆರೆಯುತ್ತಿದ್ದಾಗ ಇವನಲ್ಲಿದ್ದುದು ಒಂದೇ ಪಿನ್ನು, ನಾನು ನನ್ನ ಪುಟ್ಟ ಮಗಳು ಎಮೆಶೆಯ ಬಟ್ಟೆಗಳಿಂದ ತೆಗೆದುಕೊಟ್ಟದ್ದು. “ಅಲಂಕಾರ ಅಲ್ಲ, ಎತಿ. ಗುಂಡಿ ಬಿದ್ದೋಗಿದೆ ಅಷ್ಟೆ,” ಎಂದು ನನಗೆ ಗಂಭೀರವಾಗಿ ಹೇಳಿದ್ದ. ಮಾತು ಶುರುವಾಗುತ್ತಿದ್ದುದು ಯಾವಾಗಲೂ ‘ಒಳ್ಳೇದು, ಆದ್ರೆ’ ಎಂಬುದರಿಂದ. ವಠಾರದ ಮೇಲ್ವಿಚಾರಕಿ ಮಾಲ್ವಿನ್, ಎಲ್ಲರೂ ದೊಡ್ಡಮ್ಮ ಎಂಬ ಅರ್ಥದಲ್ಲಿ ‘ನೇನಿ’ ಎನ್ನುತ್ತಿದ್ದ ಎಪ್ಪತ್ತರ ಮುದುಕಿ, ಅಂಗಳ ಗುಡಿಸುತ್ತ ಅವನನ್ನು ಕೆಣಕದ ದಿನವಿರಲಿಲ್ಲ.

“ಏನಪ್ಪಾ ಕಲಾವಿದ, ಇವತ್ತು ತಲೆ ಬಾಚ್ಕೊಂಡ್ಯೋ, ಇಲ್ಲ ಬೆಕ್ಕೇನಾದ್ರೂ ನೆಕ್ತೋ?”

“ಒಳ್ಳೇದು ನೇನಿ, ಆದ್ರೆ ಬೆಕ್ಕು ನಿಮ್ದೇ.”

ಹಗಲಲ್ಲಿ ಅವನು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಮನೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ. ಗುರುತಿನ ಪುಸ್ತಕದಲ್ಲಿ ಕೆಲಸದ ಮುದ್ರೆ ಇಲ್ಲದವನನ್ನು ಸೋಮಾರಿಯೆಂದು ಹಿಡಿದೊಯ್ಯುತ್ತಿದ್ದ ಕಾಲ ಅದು. ಬೂದಿ ಅವನ ಉಗುರುಗಳಲ್ಲಿ ಕಾಯಂ ವಾಸವಾಗಿತ್ತು. ಆ ಬೆರಳುಗಳಿಂದಲೇ ಹಾಡು ಬರೆದ ಕಾಗದಗಳನ್ನು ಅಂಚು ಮಾತ್ರ ಮುಟ್ಟಿ ಹಿಡಿದು ನನ್ನ ಅಡುಗೆಮನೆಗೆ ತರುತ್ತಿದ್ದ.

ನನಗಾಗ ಮಗುವಿನ ಪಾಲನೆಗೆಂದು ಕೊಡುವ ಮೂರು ವರ್ಷದ ರಜೆ. ಮನೆಯಲ್ಲೇ ಬೆರಳಚ್ಚಿನ ಕೆಲಸ ಮಾಡಿಕೊಂಡಿದ್ದೆ. ಒಲೆಯ ಮೇಲೆ ಹುರುಳಿಕಾಯಿ ಸೂಪು, ಹಗ್ಗದ ಮೇಲೆ ಮಗುವಿನ ಬಟ್ಟೆ, ಮೇಜಿನ ಮೇಲೆ ಯಂತ್ರ. ಯಾವ ಮೇಳವೇ ಆಗಲಿ, ಹಾಡುಗಳ ಮೂರು ಪ್ರತಿಗಳನ್ನು ಸಮಿತಿಗೆ ಒಪ್ಪಿಸಬೇಕಿತ್ತು. ಎರಡು ಅವರ ಕಡತಕ್ಕೆ. ಮೂರನೆಯದು ಕೆಂಪು ಗೆರೆಗಳನ್ನೂ ಮುದ್ರೆಯನ್ನೂ ಹೊತ್ತು ಹಿಂತಿರುಗುತ್ತಿತ್ತು. ಮುದ್ರೆ ಬಿದ್ದಷ್ಟನ್ನೇ ಹಾಡಬೇಕು. ನಾನು ಒಂದು ಕಾರ್ಬನ್ ಹೆಚ್ಚಿಟ್ಟು ನಾಲ್ಕನೆಯ ಪ್ರತಿಯನ್ನೂ ತೆಗೆದೆ. ಸಿಲಾರ್ಡ್ ಕೇಳಿರಲಿಲ್ಲ. ಯಾರಾದರೂ ಬಂದಾರೆಂದು ಒಂದು ಬಟ್ಟಲು ಸೂಪು ಹೆಚ್ಚು ಮಾಡಿಡುವ ಕೈ ನನ್ನದು, ಅದೇ ಅಭ್ಯಾಸ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಾಳೆ, ಮಂಜಿನಲ್ಲಿ ನೆನೆದಂಥ ನೀಲಿ ಅಕ್ಷರ, ಆದರೆ ಕೆಂಪು ಗೆರೆ ಕಾಣದ ಇಡೀ ಹಾಡು. ಅದನ್ನು ಅವನು ಯಾರಿಗೋ ಕೊಟ್ಟ. ಅವರು ನೋಡಿ ಬರೆದುಕೊಂಡು ಮತ್ತೊಬ್ಬರಿಗೆ ದಾಟಿಸಿದರು.

ಒಮ್ಮೆ, ಎಂಬತ್ತಮೂರರ ವಸಂತದ ಒಂದು ಭಾನುವಾರ ಮಧ್ಯಾಹ್ನ, ಎಮೆಶೆಯನ್ನು ಎತ್ತಿಕೊಂಡು ಅವರ ಕಾರ್ಯಕ್ರಮಕ್ಕೆ ಹೋಗಿದ್ದೆ. ಯಾವುದೋ ಕಾರ್ಖಾನೆಯ ಸಂಸ್ಕೃತಿ ಭವನ. ಕಿಟಕಿಗಳಿಗೆ ಕಂದು ಪರದೆ, ಪರದೆಯ ತೂತುಗಳಿಂದ ಬಿಸಿಲಿನ ಕೋಲುಗಳು, ಆ ಕೋಲುಗಳಲ್ಲಿ ಧೂಳು ಮೀನುಗಳಂತೆ ಈಜುತ್ತಿತ್ತು. ಮೊದಲ ಸಾಲಿನಲ್ಲಿ ಸಮಿತಿಯವನೊಬ್ಬ ಮುದ್ರೆ ಬಿದ್ದ ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಿಟ್ಟು ಓದಿಕೊಳ್ಳುತ್ತಿದ್ದ. ಗೋಡೆಯ ಹಾಡು ಬಂತು. ಹೊಡೆದುಹಾಕಿದ್ದ ಎರಡು ಸಾಲಿನ ಹತ್ತಿರ ಸಿಲಾರ್ಡ್ ಬಾಯಿ ಮುಚ್ಚಿದ. ಆಗ ಮುನ್ನೂರು ಜನ, ಕಿರುಚದೆ, ಲಾಲಿಯಷ್ಟು ಮೆತ್ತಗೆ ಹಾಡಿದರು:

ಗೋಡೆ ಒರಗಿದೆ ನಮ್ಮ ಬೆನ್ನಿಗೆ,
ಒಮ್ಮೆ ಎದ್ದು ನಿಂತರೆ ಏನಾದೀತು?

ಸಮಿತಿಯವನ ಬೆರಳು ಕಾಗದದ ಮೇಲೆ ನಿಂತೇಹೋಯಿತು. ನನ್ನ ಮಗಳು ನನ್ನ ಕುತ್ತಿಗೆಗೆ ಮುಖವಿಟ್ಟು ನಿದ್ದೆ ಹೋದಳು. ನಾನು ಅಲ್ಲಿದ್ದೆನೋ, ಕನಸಿನಲ್ಲಿದ್ದೆನೋ, ನನ್ನ ಅಡುಗೆಮನೆಯ ನೀಲಿ ಅಕ್ಷರಗಳೇ ಎದ್ದು ಹಾರಾಡುತ್ತಿದ್ದುವೋ ಎಂಬುದು ಈಗಲೂ ನನಗೆ ಸ್ಪಷ್ಟವಿಲ್ಲ. ಮನೆಗೆ ಬಂದು ದಿನಚರಿಯಲ್ಲಿ ಬರೆದದ್ದು ಇಷ್ಟೇ: ‘ಎಮೆಶೆ ಗದ್ದಲದಲ್ಲಿ ಒಂದು ಗಂಟೆ ಮಲಗಿದಳು. ಜ್ವರವಿಲ್ಲ.’

ಆಮೇಲೆ ಅವನನ್ನು ಭವನದ ನಿರ್ದೇಶಕರು ಕರೆಸಿ ಕೇಳಿದಾಗ, “ಒಳ್ಳೇದು, ಆದ್ರೆ ನಾನು ಮುದ್ರೆ ಬಿದ್ದಷ್ಟೇ ಹಾಡ್ದೆ. ಬೇಕಾದ್ರೆ ಕಾಗದ ನೋಡ್ಕೊಳ್ಳಿ ಕಾಮ್ರೇಡ್,” ಎಂದನಂತೆ. ಅದು ಚೇಷ್ಟೆಯ ಮಾತಾಗಿರಲಿಲ್ಲ. ಆ ಎರಡು ಸಾಲುಗಳನ್ನು ಅವನು ವೇದಿಕೆಯ ಮೇಲೆ ಒಮ್ಮೆಯೂ ಉಚ್ಚರಿಸಿರಲಿಲ್ಲ. ಆ ಮೌನವೇ ಅವನಿಗೆ ರಕ್ಷೆ. ಅದಿರುವವರೆಗೆ ಯಾರೂ ಅವನ ಮೇಲೆ ಕೈ ಮಾಡುವಂತಿರಲಿಲ್ಲ.

ಬೇಸಿಗೆಯಲ್ಲಿ ವಿದ್ಯಾರ್ಥಿಯೊಬ್ಬನ ಜೇಬಿನಲ್ಲಿ ನಾಲ್ಕನೆಯ ಪ್ರತಿ ಸಿಕ್ಕಿಬಿತ್ತು. ಪೊಲೀಸರು ಮೊದಲು ಡ್ರಮ್ ಬಾರಿಸುವವನನ್ನು ಕರೆಸಿದರು. ಅವನು ಬಂದು ಹೇಳಿದ: ಯಾರು ಹಾಡಿದರೆಂಬುದು ಅವರಿಗೆ ಬೇಡವಂತೆ, ಯಾರು ಅಚ್ಚು ಮಾಡಿದರೆಂಬುದು ಬೇಕಂತೆ. ಹತ್ತು ದಿನ ಬಿಟ್ಟು ಹಾಜರಾಗಲು ಸಿಲಾರ್ಡನಿಗೆ ಚೀಟಿ ಬಂತು. ಅಂದು ಸಂಜೆ ಅವನು ಬಾಗಿಲಲ್ಲಿ ನಿಂತು, ಬೂಟಿನ ಬೂದಿಯನ್ನು ಕಾಲೊರಸಿಗೆ ತಿಕ್ಕುತ್ತ, “ಎತಿ, ನಂಗೆ ಟೈಪಿಂಗ್ ಕಲ್ಸು,” ಎಂದ.

ನಾನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ. “ಹುಚ್ಚಾ ನಿಂಗೆ? ನಾನೇ ಹೋಗಿ ಹೇಳ್ತೀನಿ. ಆ ಹಾಳೆ ಸೇರ್ಸಿದ್ದು ನಾನು. ನೀನು ಕೇಳಿರ್ಲೇ ಇಲ್ಲ.”

“ಒಳ್ಳೇದು, ಆದ್ರೆ ಇವ್ಳಿಗೆ ಊಟ ಯಾರು ಮಾಡ್ಸ್ತಾರೆ?” ಮೇಜಿನ ಕೆಳಗೆ ಚಮಚದಿಂದ ಪಾತ್ರೆ ಬಡಿಯುತ್ತಿದ್ದ ಎಮೆಶೆಯತ್ತ ನೋಡಿದ. “ಬಾಯ್ಲರಿಗೆ ಇನ್ನೊಬ್ಬ ಸಿಗ್ತಾನೆ. ಇವ್ಳಿಗೆ ಇನ್ನೊಬ್ಳು ಅಮ್ಮ ಎಲ್ಲಿಂದ ತರ್ಲಿ?”

“ನೀನು ಆ ಸಾಲು ಹಾಡೇ ಇಲ್ವಲ್ಲೋ! ಗೊತ್ತಿಲ್ಲ ಅಂದ್ಬಿಡು. ನಿನ್ನ ಬಿಟ್ಬಿಡ್ತಾರೆ.”

“ನನ್ನ ಬಿಡ್ತಾರೆ. ಆಮೇಲೆ ಹುಡುಕ್ತಾರೆ. ಈ ವಠಾರದಲ್ಲಿ ಟಕಟಕ ಅನ್ನೋ ಅಡುಗೆಮನೆ ಎಷ್ಟಿದೆ, ಹೇಳು?”

ನಾನು ಅತ್ತೆ. ಮುಗಿದ ಮೇಲೆ ಮುಖ ತೊಳೆದು, ಅವನನ್ನು ಕುರ್ಚಿಯಲ್ಲಿ ಕೂರಿಸಿ, ಬೆರಳುಗಳನ್ನು ಒಂದೊಂದಾಗಿ ಕೀಲಿಗಳ ಮೇಲಿಟ್ಟೆ. ಒಂಬತ್ತು ಸಂಜೆ ಕಲಿತ. ಸಂಗೀತಗಾರನಾದ್ದರಿಂದ ಅಕ್ಷರಕ್ಕಿಂತ ಲಯವೇ ಬೇಗ ಹಿಡಿಯುತ್ತಿತ್ತು. ಸಾಲು ಮುಗಿದು ಗಂಟೆ ಟಿಣ್ ಎಂದಾಗಲೆಲ್ಲ ಮಗುವಿನಂತೆ ಕಣ್ಣರಳಿಸುತ್ತಿದ್ದ. ಆ ಸಂಜೆಗಳನ್ನು ನೆನೆದರೆ ಭಯ ನೆನಪಾಗುವುದಿಲ್ಲ. ಆಲೂಬುಖಾರದ ಕಡುಬು ಬೇಯುವ ಹಬೆ, ಹಬೆಯಲ್ಲಿ ಕರಗಿದ ಕಿಟಕಿ, ಅವನ ನಿಧಾನದ ಟಕ್ ಟಕ್, ಅದಕ್ಕೆ ತಕ್ಕಂತೆ ಕುಣಿಯುವ ನನ್ನ ಮಗಳು.

ಒಂಬತ್ತನೆಯ ದಿನ ಯಂತ್ರವನ್ನು ಮಗುವಿನ ಗಾಡಿಯಲ್ಲಿಟ್ಟು, ಮೇಲೆ ಕಂಬಳಿ ಹೊದಿಸಿ, ಕಂಬಳಿಯ ಮೇಲೆ ಎಮೆಶೆಯನ್ನು ಕೂರಿಸಿ, ಅಂಗಳದಾಚೆಯ ಅವನ ಕೋಣೆಗೆ ತಳ್ಳಿಕೊಂಡು ಹೋದೆ. ಆ ಕಾಲದಲ್ಲಿ ಕೆಲಸ ಕಳೆದುಕೊಳ್ಳಲು ಇಂಥ ಒಂದು ಯಂತ್ರ ಸಿಕ್ಕಿಬಿದ್ದರೆ ಸಾಕು, ಜೈಲಿಗೆ ಒಂದು ಹಾಳೆ ಸಾಕು. ನಡುವಿನ ಅಂಗಳ ನಲವತ್ತು ಹೆಜ್ಜೆ. ಮಾಲ್ವಿನ್ ನೇನಿ ಪೊರಕೆಗೆ ಗದ್ದವೂರಿ ನೋಡುತ್ತಿದ್ದಳು. ಯಾರು ಬಂದರು, ಯಾರು ಹೋದರೆಂದು ಪೊಲೀಸರಿಗೆ ಒಪ್ಪಿಸುವುದು ಅವಳ ಉದ್ಯೋಗದ ಒಂದು ಭಾಗ.

“ಮಗು ಏನ್ ತಿಂತಾಳೆ ಕಣೇ? ಗಾಡಿ ಬಾಗ್ತಾ ಇದೆ.”

“ಕಡುಬು, ನೇನಿ.”

“ಹೂಂ. ತಿನ್ಲಿ, ತಿನ್ಲಿ.” ಪೊರಕೆ ಮತ್ತೆ ಸರಿದಾಡಿತು. ಮರುವಾರ ವಿಚಾರಿಸಲು ಬಂದವರ ಮುಂದೆ ಅವಳು ಎದೆ ಬಡಿದುಕೊಂಡು ಕೂಗಿದ್ದು ಮೂರನೆಯ ಅಂತಸ್ತಿಗೂ ಕೇಳಿಸಿತು: “ಆ ತಲೆಕೆಟ್ಟ ಸಿಲಾರ್ಡ್ ತಾನೆ? ವರ್ಷದಿಂದ ಅವನ ಕೋಣೇಲಿ ಟಕಟಕ, ಟಕಟಕ! ನಂಗೆ ನಿದ್ದೇನೇ ಇಲ್ಲ ಸ್ವಾಮಿ!”

ಠಾಣೆಯಲ್ಲಿ ನಡೆದದ್ದನ್ನು ಅವನು ಬಹಳ ಕಾಲದ ಮೇಲೆ, ಅದೂ ನಾನು ಪೀಡಿಸಿದಾಗ, ಹೇಳಿದ. ಅಚ್ಚು ಮಾಡಿದ್ದು ತಾನೇ ಎಂದನಂತೆ. ಅಧಿಕಾರಿ ನಕ್ಕು, ಆ ಬೂದಿ ಬೆರಳುಗಳನ್ನು ನೋಡಿ, ಯಂತ್ರವೊಂದನ್ನು ಮುಂದೆ ತಳ್ಳಿ, “ಹಾಗಾದ್ರೆ ಹೊಡಿ ನೋಡೋಣ,” ಎಂದನಂತೆ. ಇವನು ಗೋಡೆಯ ಹಾಡನ್ನು ಮೊದಲಿನಿಂದ ಹೊಡೆದ. ಹೊಡೆದುಹಾಕಿದ ಜಾಗ ಬಂತು. ಅಲ್ಲಿ ಎರಡು ಸಾಲು ಖಾಲಿ ಬಿಟ್ಟಿದ್ದರೆ ಅವನ ರಕ್ಷೆ ಅವನ ಬಳಿಯೇ ಉಳಿಯುತ್ತಿತ್ತು. ಆದರೆ ಆಗ ನೀಲಿ ಹಾಳೆ ಇವನದೆಂದು ಅವರು ನಂಬುತ್ತಿರಲಿಲ್ಲ. ಅವನು ಆ ಎರಡೂ ಸಾಲುಗಳನ್ನು ತಪ್ಪಿಲ್ಲದೆ ಹೊಡೆದು, ಕೆಳಗೆ ತನ್ನ ಹೆಸರನ್ನೂ ಹೊಡೆದ.

“ಹೆದರಿಕೆ ಆಗ್ಲಿಲ್ವೇನೋ?” ಎಂದು ಕೇಳಿದೆ.

“ಒಳ್ಳೇದು, ಆದ್ರೆ ಅವ್ರ ಯಂತ್ರ ನಿಂದಕ್ಕಿಂತ ನಯವಾಗಿತ್ತು.”

ಹತ್ತು ತಿಂಗಳು ಒಳಗಿದ್ದ. ಮೇಳಕ್ಕೆ ನಿಷೇಧ ಬಿತ್ತು; ಹುಡುಗರು ಚದುರಿದರು, ಒಬ್ಬ ಸೈನ್ಯಕ್ಕೆ, ಒಬ್ಬ ಗಡಿಯಾಚೆಗೆ. ಹಿಂತಿರುಗಿದ ಸಿಲಾರ್ಡ್ ಮತ್ತೆ ವೇದಿಕೆ ಹತ್ತಲಿಲ್ಲ. ಅಂಗಳದಲ್ಲಿ ನನ್ನನ್ನು ಕಂಡು ಮೊದಲು ಕೇಳಿದ್ದು ಎಮೆಶೆಗೆ ಹಲ್ಲೆಲ್ಲ ಬಂದವೇ ಎಂದು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ, ಕಲ್ಲಿದ್ದಲಿನ ಗುಣಮಟ್ಟ ಕೆಟ್ಟಿದೆಯೆಂದು ಮಾತು ತಿರುಗಿಸಿದ.

ಈಗ ಸಮಿತಿಗಳಿಲ್ಲ, ಮುದ್ರೆಗಳಿಲ್ಲ. ಆ ವರ್ಷಗಳ ಮೇಳಗಳ ಚರಿತ್ರೆ ಬರೆಯುವವರು ಬಂದು ಯಾರ ಕೂದಲು ಯಾವ ಬಣ್ಣದ್ದಿತ್ತು, ಯಾರ ಗಿಟಾರು ಎಷ್ಟು ಜೋರಾಗಿತ್ತು ಎಂದು ಕೇಳಿ ಬರೆದುಕೊಳ್ಳುತ್ತಾರೆ. ನಾನೂ ಗೊತ್ತಿದ್ದಷ್ಟು ಹೇಳುತ್ತೇನೆ. ಹೇಳಲಾರದೆ ಉಳಿಯುವುದೆಂದರೆ ಸಿಲಾರ್ಡನಂಥವರ ಗುಣ: ಲೋಕ ಇವರು ಪುಂಡರೆಂದು ಹೆದರಿಕೊಳ್ಳುತ್ತದೆ, ತಾಯಂದಿರು ಮಾತ್ರ ಮಗುವನ್ನು ಇವರ ಕೈಗೆ ಕೊಟ್ಟು ಬ್ರೆಡ್ಡು ತರಲು ಹೋಗುತ್ತಾರೆ. ಇವರಿಗೆ ಧೈರ್ಯವೆಂಬುದು ಮನೆಗೆಲಸದಂಥ ಒಂದು ಕೆಲಸ. ಯಾರಾದರೂ ಮಾಡಲೇಬೇಕಾದದ್ದು, ಹತ್ತಿರದಲ್ಲಿ ನಿಂತವರು ಮಾಡಿ, ಕೈ ಒರೆಸಿಕೊಂಡು, ಊಟಕ್ಕೆ ಕೂರುವಂಥದು. ನಮ್ಮಂಥವರ ಬದುಕು ಎಷ್ಟು ಸಲ ಹಾಗೆ ಉಳಿದಿದೆಯೋ ನಮಗೆ ತಿಳಿದಿರುವುದಿಲ್ಲ, ಏಕೆಂದರೆ ಉಳಿಸಿದವರು ಹೇಳುವುದಿಲ್ಲ.