ಊರಿನ ಎಡಚ ಮುದುಕರು ಎಲ್ಲಿ ಹೋದರು?

ಕುರಿಗಳ ಉಣ್ಣೆ ಕತ್ತರಿಸಿ ಆಗಿತ್ತು. ನಾರಿನ್ ಕಣಿವೆಯ ನಮ್ಮೂರಿನ ಹೆಂಗಸರು ಉಲ್ಕಾನ್ ಅಜ್ಜಿಯ ಅಂಗಳದಲ್ಲಿ ಕೂತು, ಉಣ್ಣೆಯ ದಪ್ಪ ಹಾಸುಗಳಲ್ಲಿ ಟಗರುಕೊಂಬಿನ ಚಿತ್ತಾರ ಕೊಯ್ಯುತ್ತಿದ್ದರು. ಅಜ್ಜಿಯ ಮೊಮ್ಮಗಳು ಜಿಬೆಕ್‌ಗೆ ಹತ್ತು ವರ್ಷ, ಎಡಚಿ. ಆ ಎಡಗೈಯನ್ನು ಅಜ್ಜಿ ತಲೆವಸ್ತ್ರದಿಂದ ಅವಳ ಸೊಂಟಕ್ಕೆ ಬಿಗಿದಿದ್ದಳು. ಹಾಸು ಹಿಡಿಯಲು ಕೈಯಿಲ್ಲ. ಬಲಗೈಯ ಚಾಕು ಜಾರಿ ಮೊಣಕಾಲಿಗೆ ತಗುಲಿತು.

ನರ್ಸ್ ಬುರುಲ್ ಬಂದು ಗಾಯಕ್ಕೆ ಪಟ್ಟಿ ಸುತ್ತಿದಳು. ಕೈ ಯಾಕೆ ಕಟ್ಟಿದಿರಿ ಎಂದು ಕೇಳಿದಳು.

“ನೀನು ಮದ್ದು ಹಚ್ಚೇ, ಬುದ್ಧಿ ಹೇಳಬೇಡ,” ಎಂದಳು ಅಜ್ಜಿ. “ಊರಲ್ಲಿ ಎಡಚ ಮಕ್ಕಳು ಬೇಕಾದಷ್ಟಿದಾವೆ. ಎಡಚ ಮುದುಕರು ಒಬ್ಬರನ್ನ ತೋರಿಸು ನೋಡಾಣ. ಎಲ್ಲಾ ಬೇಗ ಹೋಗಿಬಿಟ್ರು. ಇವಳೂ ಹೋಗ್ಲಿ ಅಂತೀಯಾ?”

ಬುರುಲ್ ಊರಿನ ಮುದುಕರನ್ನೆಲ್ಲ ಮನಸ್ಸಿನಲ್ಲೇ ಎಣಿಸಿದಳು. ಹೌದಲ್ಲ, ಊಟಕ್ಕೆ ಕೂತಾಗ ಹಿರಿಯರೆಲ್ಲ ಬಲಗೈಯಲ್ಲೇ ಮಾಂಸ ಕೊಯ್ಯುತ್ತಾರೆ. ಎಡಚರು ಎಲ್ಲಿ?

ಅಷ್ಟರಲ್ಲಿ ನಾಯಿಯೊಂದು ಒಣಹಾಕಿದ್ದ ಮೊಸರುಂಡೆಗೆ ಬಾಯಿ ಹಾಕಿತು. ಅಜ್ಜಿ ರಬ್ಬರ್ ಜೋಡು ಕಿತ್ತು ಬೀಸಿದಳು. ಗುರಿ ತಪ್ಪಲಿಲ್ಲ.

“ಅಜ್ಜಿ, ಯಾವ ಕೈಲಿ ಎಸೆದ್ರಿ?” ಎಂದು ಕೇಳಿದಳು ಬುರುಲ್.

ಅಜ್ಜಿ ತನ್ನ ಎಡಗೈಯನ್ನು ಹೊಸದೆಂಬಂತೆ ನೋಡಿಕೊಂಡಳು. ಆಮೇಲೆ ಒಂದೊಂದೇ ಮಾತು ಹೊರಬಂತು. ಎಡಗೈಯಲ್ಲಿ ರೊಟ್ಟಿ ಮುಟ್ಟಿದರೆ ಅವ್ವ ಬಯ್ಯುತ್ತಿದ್ದಳು, ಬರೆದರೆ ಶಾಲೆಯಲ್ಲಿ ಏಟು. ಕೆಟ್ಟ ಚಾಳಿ ಬಿಟ್ಟುಹೋಯಿತು ಎಂದುಕೊಂಡಿದ್ದಳು. ಅಂಗಳದಂಚಿನಲ್ಲಿ ಟೀ ಕುಡಿಯುತ್ತಿದ್ದ ಅವಳ ಮೈದುನ ಇಸಾಬೆಕ್ ಅಜ್ಜ ನಕ್ಕರು. “ನನ್ನ ಕೈನೂ ಮೇಷ್ಟ್ರು ಬೆಂಚಿಗೆ ಕಟ್ತಿದ್ರು ಅತ್ತಿಗೆ. ಯಾರೂ ನೋಡದಾಗ ಮೊಳೆ ಹೊಡೆಯೋದು ಈಗಲೂ ಎಡಗೈಲೇ.”

“ಎಡಚ ಮುದುಕರು ಸತ್ತಿಲ್ಲ ಅಜ್ಜಿ,” ಎಂದಳು ಬುರುಲ್. “ಇಲ್ಲೇ ಕೂತು ಟೀ ಕುಡೀತಿದಾರೆ. ಕೈ ಬದಲಾಯಿಸಿದ್ರು, ಅಷ್ಟೆ.”

ಓದಿದವರೂ ಒಮ್ಮೆ ಇದೇ ಲೆಕ್ಕದಲ್ಲಿ ಎಡವಿದ್ದರಂತೆ. ಎಡಚ ಮುದುಕರು ಕಮ್ಮಿಯೆಂದು ಕಂಡು, ಎಡಚರಿಗೆ ಆಯಸ್ಸೇ ಕಮ್ಮಿ ಎಂದುಬಿಟ್ಟರಂತೆ. ಮುಂದೆ ಬೇರೆಯವರು ಪರೀಕ್ಷಿಸಿದಾಗ ಎರಡೂ ಬಗೆಯವರ ಆಯಸ್ಸಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ.

“ಹಂಗಾದ್ರೆ ಎಪ್ಪತ್ತೊಂಬತ್ತು ವರ್ಷ ನಾನು ಎಡಚಿಯಾಗೇ ಬದುಕಿದೀನಾ?” ಎಂದು ಅಜ್ಜಿ ತನ್ನಷ್ಟಕ್ಕೇ ಕೇಳಿಕೊಂಡಳು. ಮೊಮ್ಮಗಳ ಕೈಗೆ ಬಿಗಿದ ಗಂಟು ಬಿಚ್ಚಿದಳು. ಪಕ್ಕದವರಿಗೆ ಚಾಕು ತಾಗದಂತೆ ಅವಳನ್ನು ಹಾಸಿನ ಎಡತುದಿಗೆ ಕೂರಿಸಿದಳು. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ. ಆ ಬಾಕಿ ಹಾಗೇ ಉಳಿಯಿತು.

ನಿಮ್ಮ ಮನೆಯಲ್ಲೂ ಎಡಚ ಮಗುವಿದ್ದರೆ ಕೈ ಕಟ್ಟಬೇಡಿ, ಹೊಡೆಯಬೇಡಿ. ಆ ಕೈಗೆ ಒಗ್ಗುವ ಕತ್ತರಿ ಕೊಡಿ, ಕೂರಲು ಜಾಗ ಕೊಡಿ. ಆಯಸ್ಸಿನ ಭಯ ಕಾಡಿದರೆ ಮೊದಲು ಮನೆಯ ಹಿರಿಯರನ್ನೇ ಕೇಳಿ: ಚಿಕ್ಕಂದಿನಲ್ಲಿ ನಿಮ್ಮದು ಯಾವ ಕೈ?