ಬೇಲಿಯಿಲ್ಲದ ರಕ್ತ

ರಂಜಾನಿನ ನಡುವಿನ ಒಂದು ಮಧ್ಯಾಹ್ನ, ಟ್ಯೂನಿಸ್‌ನ ಪ್ರಯೋಗಾಲಯದಲ್ಲಿ ರೌಧಾಳಿಗೆ ಆರೋಗ್ಯವಂತರೊಬ್ಬರ ಹನಿ ರಕ್ತ ಬೇಕಾಯಿತು. ಯಾವಾಗಲೂ ಕೊಡುತ್ತಿದ್ದವನು ಸೂಕ್ಷ್ಮದರ್ಶಕ ನೋಡಿಕೊಳ್ಳುವ ಶೆದ್ಲಿ. ಆ ದಿನ ಅವನು ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ.

"ಉಪವಾಸ ಇರೋನ ಹತ್ರ ರಕ್ತ ಕೇಳ್ತೀಯಲ್ಲ ತಾಯಿ, ಸೊಳ್ಳೆಗೂ ನಿನಗಿಂತ ಭಯಭಕ್ತಿ ಇದೆ. ಸಂಜೆ ಶೋರ್ಬಾ ಕುಡಿದ್ಮೇಲೆ ಬಕೆಟ್ ತುಂಬ ಕೊಡ್ತೀನಿ."

"ಸಂಜೆ ತನಕ ಯಾರು ಕಾಯ್ತಾರೆ?"

"ನೀನಂತೂ ಅಲ್ಲ. ಚಹಾ ಆರೋ ತನಕ ಕಾಯದೆ ನಾಲಿಗೆ ಸುಟ್ಕೊಳ್ಳೋಳು."

ಅವಳು ಮುಟ್ಟಾಗಿದ್ದರಿಂದ ಉಪವಾಸವಿರಲಿಲ್ಲ. ತನ್ನ ಬೆರಳನ್ನೇ ಚುಚ್ಚಿಕೊಂಡಳು.

ಕೆಂಪು ರಕ್ತಕಣದ ಪೊರೆಯಲ್ಲಿ ಪ್ರೊಟೀನುಗಳು ಹೇಗೆ ಓಡಾಡುತ್ತವೆ ಎಂದು ನೋಡುವುದು ಅವಳ ಕೆಲಸ. ಪೊರೆ ಎಣ್ಣೆಯಂತೆ ಜಾರುವ ತೆಳು ಪದರ. ಅದರಲ್ಲಿ ಪ್ರೊಟೀನು ಎಲ್ಲಿಗೆ ಬೇಕಾದರೂ ತೇಲಿಹೋಗಬಹುದಿತ್ತು. ಆದರೆ ಪೊರೆಯ ಒಳಮೈಗೆ ಅಂಟಿಕೊಂಡು ಬೇರೊಂದು ಪ್ರೊಟೀನಿನ ಬಲೆ ಹರಡಿರುತ್ತದೆ. ಓಡಾಡುವ ಪ್ರೊಟೀನಿನ ಬಾಲ ಅದರ ಎಳೆಗಳಿಗೆ ತಾಗಿ ವಾಪಸಾಗುತ್ತದೆ. ಬೇಲಿಯೊಳಗಿನ ಕರುವಿನಂತೆ ಅಲ್ಲಲ್ಲೇ ಸುತ್ತುತ್ತ, ಎಂದೋ ಎಳೆ ಸಡಿಲವಾದಾಗ ಬಲೆಯ ಪಕ್ಕದ ಕಣ್ಣಿಗೆ ಜಿಗಿಯುತ್ತದೆ. ರೌಧಾ ಪ್ರೊಟೀನಿಗೆ ಹೊಳೆಯುವ ಕಣ ಅಂಟಿಸಿ, ಪರದೆಯ ಮೇಲೆ ಆ ಚುಕ್ಕೆಯ ಬೆನ್ನು ಹತ್ತುತ್ತಿದ್ದಳು.

ಅಂದು ಚುಕ್ಕೆಗಳಿಗೆ ತಡೆಯೇ ಇರಲಿಲ್ಲ. ತಾಗಿ ಹಿಂದಿರುಗಬೇಕಾದವು ನೇರ ದಾಟಿ, ರಕ್ತಕಣದ ಒಂದು ಅಂಚಿನಿಂದ ಇನ್ನೊಂದಕ್ಕೆ ಅಲೆದವು.

"ಮೇಜು ಅಲುಗಾಡ್ತಿದೆ ಕಣೋ."

"ನೀನು ಕಾಲು ಕುಣಿಸೋದು ನಿಲ್ಲಿಸು, ಮೇಜು ತಾನೇ ನಿಲ್ಲುತ್ತೆ."

ಅವಳು ಗಾಜಿಗೇ ಅಂಟಿದ್ದ ಒಂದು ಹೊಳೆಯುವ ಕಣವನ್ನು ನೋಡಿದಳು. ಅದು ಕದಲಲಿಲ್ಲ; ಮೇಜಿನದು ತಪ್ಪಲ್ಲ. ಕೋಣೆಯ ಬಿಸಿ ಸರಿಯಾಗಿತ್ತು. ಮತ್ತೊಂದು ಬೆರಳು ಚುಚ್ಚಿಕೊಂಡಳು. ಅದೇ ಅಲೆದಾಟ. ಎದ್ದಳು, ಕೂತಳು, ಕಿಟಕಿ ತೆರೆದಳು, ಮುಚ್ಚಿದಳು.

ಸಂಜೆ ಉಪವಾಸ ಬಿಟ್ಟು ಬಂದ ಶೆದ್ಲಿ ಬೆರಳು ಚಾಚಿದ. ಅವನ ರಕ್ತದಲ್ಲಿ ಚುಕ್ಕೆಗಳು ಎಂದಿನಂತೆ ತಮ್ಮ ತಮ್ಮ ಬೇಲಿಯೊಳಗೇ ಸುತ್ತಿದವು.

"ಯಂತ್ರ ಸರಿಯಾಗಿದೆ," ಎಂದ. ಆಮೇಲೆ ಅವಳ ಮುಖವನ್ನೇ ನೋಡುತ್ತ, "ನಿನ್ನ ಕಣ್ಣು ಯಾವಾಗ್ಲೂ ಹೀಗೇ ಹಳದೀನಾ?"

"ಅಮ್ಮಂದೂ ಹೀಗೇ. ನಮ್ಮ ಮನೆ ಬಣ್ಣ ಅದು."

ಹೇಳಿದ ಮಾತು ಅವಳ ಕಿವಿಗೇ ಬಿತ್ತು. ಬಲೆ ದುರ್ಬಲವಾದರೆ ರಕ್ತಕಣ ತಟ್ಟೆಯ ಆಕಾರ ಬಿಟ್ಟು ಗುಂಡಗಾಗುತ್ತದೆ, ರಕ್ತ ಸೋಸುವ ಗುಲ್ಮದಲ್ಲಿ ಸಿಕ್ಕಿಕೊಂಡು ಒಡೆಯುತ್ತದೆ, ಕಣ್ಣು ಹಳದಿಯಾಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟುತ್ತದೆ. ಇದೆಲ್ಲ ಅವಳು ಬೇರೆಯವರಿಗೆ ಪಾಠ ಹೇಳಿದ್ದೇ. ಅಮ್ಮನ ಹೊಟ್ಟೆನೋವಿಗೆ ಎಣ್ಣೆ ಕಡಿಮೆ ಮಾಡಿ ಎನ್ನುತ್ತಿದ್ದರು ವೈದ್ಯರು. ಸುಸ್ತಿಗೆ ಕಬ್ಬಿಣದ ಮಾತ್ರೆ ಕೊಡುತ್ತಿದ್ದರು.

ಬೆಳಿಗ್ಗೆ ಅಮ್ಮನ ಊರು ಬಿಜೆರ್ತ್‌ಗೆ ಹೊರಟ ವ್ಯಾನ್ ಹತ್ತಿದಳು. ತಾಯಿ ನಝೀಹಾ ಸಂಜೆ ಕರಿಯುವ ಬ್ರೀಕ್‌ನೊಳಗೆ ತುಂಬಲೆಂದು ಆಲೂಗಡ್ಡೆ ಹಿಸುಕುತ್ತಿದ್ದಳು.

"ಆಸ್ಪತ್ರೆಗೆ ನಡಿ ಅಮ್ಮ. ರಕ್ತ ಕೊಡ್ಬೇಕು."

"ಹಬ್ಬ ಮುಗೀಲಿ."

"ಅಲ್ಲೀ ತನಕ ನಂಗೆ ಹುಚ್ಚು ಹಿಡಿಯುತ್ತೆ."

"ಈಗೇನು ನೆಟ್ಟಗಿದ್ದೀಯಾ?" ಎಂದಳು ತಾಯಿ. ಆದರೆ ಮಗಳ ಬಾಡಿದ ಮುಖ ನೋಡಿ ಕೈ ತೊಳೆದುಕೊಂಡಳು.

ಆಸ್ಪತ್ರೆಯ ವೈದ್ಯೆ ಇಬ್ಬರ ರಕ್ತದಲ್ಲೂ ಗುಂಡಗಿನ ಕಣಗಳನ್ನು ಕಂಡಳು. ಮುಂದಿನ ಪರೀಕ್ಷೆಗಳೂ ಅದನ್ನೇ ಹೇಳಿದವು. ನಝೀಹಾಳ ಪಿತ್ತಕೋಶದ ತುಂಬ ಕಲ್ಲು. ಕಬ್ಬಿಣದ ಕೊರತೆ ಇರಲೇ ಇಲ್ಲ. ಮಾತ್ರೆ ನಿಲ್ಲಿಸಿ, ಹಬ್ಬದ ನಂತರ ಶಸ್ತ್ರಚಿಕಿತ್ಸೆ ಎಂದರು. ರೌಧಾಳದು ಅಷ್ಟು ಜೋರಿನದಲ್ಲ.

ಮೊಗಸಾಲೆಯ ಬೆಂಚಿನ ಮೇಲೆ ತಾಯಿ ನೆಲ ನೋಡುತ್ತ ಕೂತಿದ್ದಳು. ಹೆದರಿದ್ದಾಳೆಂದುಕೊಂಡು ರೌಧಾ ಎದುರಿಗೆ ಅತ್ತಿಂದಿತ್ತ ನಡೆಯುತ್ತ, ಇದರಿಂದ ಜೀವಕ್ಕೇನೂ ಆಗದು ಎಂದು ಒಂದೇ ಸಮನೆ ಹೇಳುತ್ತಿದ್ದಳು.

"ಸಾಕು, ಕೂತ್ಕೋ, ತಲೆ ತಿರುಗುತ್ತೆ. ಇದು ಹುಟ್ಟಿನಿಂದ ಬಂದಿದ್ದಾ?"

"ಹೌದು."

"ಹಾಗಾದ್ರೆ ನಾನು ಸೋಮಾರಿ ಅಲ್ಲ."

"ಹಾಗಂತ ಯಾರಂದ್ರು?"

"ಯಾರು ಅನ್ಲಿಲ್ಲ ಅಂತ ಕೇಳು. ನಿಮ್ಮಜ್ಜಿ, ನಿಮ್ಮಪ್ಪ, ಅತ್ತೆಯರು. ಮಧ್ಯಾಹ್ನ ಒಂದ್ ಗಳಿಗೆ ಅಡ್ಡಾಗೋಕೂ ಬಾಗಿಲು ಹಾಕ್ಕೋಬೇಕಿತ್ತು, ಕಳ್ಳಿ ಹಾಗೆ." ಮಗಳತ್ತ ತಿರುಗಿ, "ನೀನೂ ಅಂದಿದ್ದೀಯ ಮಗಳೇ."

ರೌಧಾಳಿಗೆ ನೆನಪಾಗಲಿಲ್ಲ. ಅಂದಿರಲಾರೆ ಎನ್ನಲೂ ಧೈರ್ಯ ಬರಲಿಲ್ಲ. ತಾಯಿಯ ಪಕ್ಕ ಕೂತಳು.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಮನೆಗೆ ಬಂದ ನಝೀಹಾ ಕೋಣೆಯಲ್ಲಿದ್ದ ಹಾಸಿಗೆಯನ್ನು ಹಜಾರಕ್ಕೆ ಹಾಕಿಸಿಕೊಂಡಳು. ಗಾಯ ಮಾಗಿದ ಮೇಲೂ ಅದನ್ನು ಅಲ್ಲಿಂದ ತೆಗೆಯಲು ಬಿಡಲಿಲ್ಲ. ನಾದಿನಿಯರು ಬಂದಾಗಲೂ ಮಧ್ಯಾಹ್ನ ಅಲ್ಲೇ, ಬಾಗಿಲು ಹಾರುಹೊಡೆದು, ಮಲಗಿರುತ್ತಾಳೆ. ಏಳುವುದಿಲ್ಲ.